ನಡುವಯಸ್ಸಿನ ಓಟ: ಹೃದಯದ ಅವಸರ, ಹಿಮ್ಮಡಿಯ ತಾಳ್ಮೆ

ಮೂವತ್ತರಿಂದ ಐವತ್ತರ ನಡುವೆ ಮನುಷ್ಯನ ದೇಹ ಕಳೆದುಕೊಳ್ಳುವ ಕಸುವಿನಲ್ಲಿ ವಯಸ್ಸಿನ ಪಾಲೆಷ್ಟು, ಕುಳಿತೇ ಕಳೆದ ವರ್ಷಗಳ ಪಾಲೆಷ್ಟು ಎಂಬುದು ವ್ಯಾಯಾಮ ಶರೀರಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲಿ ಒಂದು. ಈ ಪ್ರಶ್ನೆ ಪ್ರಯೋಗಾಲಯಕ್ಕೆ ಮಾತ್ರ ಸೇರಿದ್ದಲ್ಲ. ಕಾಲೇಜಿನ ದಿನಗಳಲ್ಲಿ ಕಬಡ್ಡಿ, ಕೊಕ್ಕೊ, ಓಟಗಳಲ್ಲಿ ಪಳಗಿ, ಆಮೇಲೆ ನೌಕರಿ, ಸಂಸಾರ, ಮಕ್ಕಳ ಓದು, ಮನೆ ಸಾಲದ ಕಂತುಗಳ ನಡುವೆ ಮೈದಾನದ ದಾರಿಯನ್ನೇ ಮರೆತು, ನಲವತ್ತೈದರ ಆಸುಪಾಸಿನಲ್ಲಿ ಸಕ್ಕರೆಯೋ ರಕ್ತದೊತ್ತಡವೋ ಗಡಿ ದಾಟಿದೆ ಎಂಬ ವರದಿ ಕೈಗೆ ಬಂದಾಗ ಮತ್ತೆ ಬೂಟು ಕಟ್ಟಲು ಹೊರಡುವವರಿಗೆ ಇದು ದಿನನಿತ್ಯದ ಪ್ರಶ್ನೆಯೇ ಆಗಿದೆ. ಹೀಗೆ ಹೊರಡುವವರಲ್ಲಿ ಕೆಲವರು ಕಾಲ ಮಿಂಚಿಹೋಯಿತೆಂದು ಮೊದಲ ಸುತ್ತಿನಲ್ಲೇ ಕೈಚೆಲ್ಲುತ್ತಾರೆ. ಇನ್ನು ಕೆಲವರು ಇಪ್ಪತ್ತರ ದೇಹ ಎಲ್ಲಿ ಬಿಟ್ಟಿದ್ದರೋ ಅಲ್ಲೇ ಕಾದು ಕುಳಿತಿದೆಯೆಂದು ನಂಬಿ ಓಡುತ್ತಾರೆ. ಎರಡೂ ತಿಳಿವಳಿಕೆ ತಪ್ಪು. ಆದರೆ ಎರಡನೆಯದು ಹೆಚ್ಚು ಗಾಯ ಮಾಡುತ್ತದೆ.

ಮೊದಲ ತಪ್ಪು ತಿಳಿವಳಿಕೆಗೆ ಅತ್ಯಂತ ಗಟ್ಟಿಯಾದ ಉತ್ತರ ಬಂದದ್ದು ಅಮೆರಿಕದ ಡಲ್ಲಾಸ್ ನಗರದಿಂದ. 1966ರಲ್ಲಿ ಅಲ್ಲಿನ ವೈದ್ಯಕೀಯ ಶಾಲೆಯೊಂದರ ಸಂಶೋಧಕರು ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿ, ಆಮೇಲೆ ಎರಡು ತಿಂಗಳು ತರಬೇತಿ ಕೊಟ್ಟು, ಪ್ರತಿ ಹಂತದಲ್ಲೂ ಅವರ ಗರಿಷ್ಠ ಆಮ್ಲಜನಕ ಬಳಕೆಯನ್ನು ಅಳೆದರು. ಪೂರ್ಣ ಶ್ರಮದಲ್ಲಿರುವಾಗ ದೇಹ ಒಂದು ನಿಮಿಷದಲ್ಲಿ ಗಾಳಿಯಿಂದ ಹೀರಿ ಸ್ನಾಯುಗಳಲ್ಲಿ ಉರಿಸಬಲ್ಲ ಆಮ್ಲಜನಕದ ಪ್ರಮಾಣವೇ ಗರಿಷ್ಠ ಆಮ್ಲಜನಕ ಬಳಕೆ. ಶ್ವಾಸಕೋಶ, ಹೃದಯ, ರಕ್ತ, ಸ್ನಾಯು ಈ ನಾಲ್ಕೂ ಕೂಡಿ ಮಾಡುವ ಕೆಲಸದ ಮೊತ್ತ ಅದೊಂದರಲ್ಲಿ ತಿಳಿಯುವುದರಿಂದ ದೇಹದ ತಾಳಿಕೆಯನ್ನು ಅಳೆಯುವ ಮುಖ್ಯ ಮಾನದಂಡವೆಂದು ಅದನ್ನು ಪರಿಗಣಿಸಲಾಗುತ್ತದೆ. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಪರೀಕ್ಷೆಗೆ ಕರೆಸಲಾಯಿತು. ಆ ಹೊತ್ತಿಗೆ ಅವರ ಸರಾಸರಿ ತೂಕ 77 ಕಿಲೋದಿಂದ 100 ಕಿಲೋಗೆ ಏರಿತ್ತು, ಮೈಯ ಕೊಬ್ಬಿನ ಪಾಲು ಇಮ್ಮಡಿಯಾಗಿತ್ತು. ಹಾಗಿದ್ದರೂ ಮೂವತ್ತು ವರ್ಷಗಳ ಮುಪ್ಪು ಅವರ ತಾಳಿಕೆಯನ್ನು ತಗ್ಗಿಸಿದ್ದಕ್ಕಿಂತ ಇಪ್ಪತ್ತರ ಹರೆಯದಲ್ಲಿ ಮೂರು ವಾರ ಮಲಗಿದ್ದೇ ಹೆಚ್ಚು ತಗ್ಗಿಸಿತ್ತು ಎಂಬುದು ಅಳತೆಯಿಂದ ಖಚಿತವಾಯಿತು. ಮುಂದಿನ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ ಎಂದು ಮೆಲ್ಲಗೆ ಹೆಚ್ಚಿಸುತ್ತ ಹೋದ ತರಬೇತಿಯಿಂದ ಐವತ್ತರ ಆ ಗಂಡಸರು 1966ರ ಆರಂಭದಲ್ಲಿ ತಮಗಿದ್ದ ಮಟ್ಟಕ್ಕೆ ಮರಳಿದರು.

ಐದೇ ಜನರ ಮೇಲೆ ನಡೆದ ಅಧ್ಯಯನದಿಂದ ಇಡೀ ಮನುಕುಲದ ಬಗ್ಗೆ ತೀರ್ಮಾನ ಹೇಳುವುದು ಸಲ್ಲದು. ಹದಿಹರೆಯ ದಾಟಿದ ಕೂಡಲೇ ತರಬೇತಿ ಪಡೆದಾಗ ಮುಟ್ಟಿದ್ದ ಎತ್ತರವನ್ನು ಆ ಐವರಲ್ಲಿ ಯಾರೂ ಮತ್ತೆ ಮುಟ್ಟಲಿಲ್ಲ ಎಂಬುದನ್ನೂ ಮರೆಯಬಾರದು. ಅವರಿಗೆ ಮರಳಿ ಸಿಕ್ಕಿದ ಸಾಮರ್ಥ್ಯ ಹೃದಯದ ಗರಿಷ್ಠ ಬಡಿತ ಏರಿದ್ದರಿಂದ ಬಂದದ್ದಲ್ಲ, ಏಕೆಂದರೆ ಗರಿಷ್ಠ ಬಡಿತ ವಯಸ್ಸಿನೊಂದಿಗೆ ಇಳಿಯುತ್ತದೆ, ಅದನ್ನು ಯಾವ ಅಭ್ಯಾಸವೂ ತಡೆಯಲಾರದು. ಅದು ಬಂದದ್ದು ಸ್ನಾಯುಗಳು ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಹೀರುವುದನ್ನು ಮತ್ತೆ ರೂಢಿಸಿಕೊಂಡಿದ್ದರಿಂದ. ಅದೇ ಡಲ್ಲಾಸ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ನಡುವಯಸ್ಸಿನಲ್ಲೂ ಕಸುವು ಮರಳುತ್ತದೆಂಬ ಮಾತಿಗೆ ಇನ್ನಷ್ಟು ಬಲ ಕೊಟ್ಟಿತು. 45ರಿಂದ 64 ವರ್ಷದ, ವ್ಯಾಯಾಮದ ಅಭ್ಯಾಸವೇ ಇಲ್ಲದ ಗಂಡಸರು ಮತ್ತು ಹೆಂಗಸರು ವಾರಕ್ಕೆ ನಾಲ್ಕೈದು ದಿನದಂತೆ ಎರಡು ವರ್ಷ ತರಬೇತಿ ಪಡೆದಾಗ ಅವರ ಗರಿಷ್ಠ ಆಮ್ಲಜನಕ ಬಳಕೆ ಶೇಕಡಾ 18ರಷ್ಟು ಏರಿತು. ಅದಕ್ಕಿಂತ ಮುಖ್ಯವಾಗಿ, ವರ್ಷಗಟ್ಟಲೆ ಕುಳಿತು ಕುಳಿತು ಬಿಗಿಯಾಗಿದ್ದ ಹೃದಯದ ಎಡ ಕೆಳಕೋಣೆಯ ಗೋಡೆ ಮತ್ತೆ ಮೆತ್ತಗಾಗಿ, ಸಡಿಲವಾಗಿ ರಕ್ತ ತುಂಬಿಕೊಳ್ಳತೊಡಗಿತು. ಇಂಥದೇ ಪ್ರಯತ್ನವನ್ನು 65 ದಾಟಿದವರಲ್ಲಿ ಒಂದು ವರ್ಷ ಮಾಡಿ ನೋಡಿದಾಗ ತಾಳಿಕೆ ಹೆಚ್ಚಿತಾದರೂ ಹೃದಯದ ಬಿಗಿತ ಕರಗಿರಲಿಲ್ಲ. ಹೀಗಾಗಿ ನಡುವಯಸ್ಸು ತಡವಾದ ವಯಸ್ಸಲ್ಲ. ಹೃದಯದ ಮಟ್ಟಿಗೆ ಹೇಳುವುದಾದರೆ ಅದು ಮುಂದೂಡಬಾರದ ವಯಸ್ಸು.

ಎರಡನೆಯ ತಪ್ಪು ತಿಳಿವಳಿಕೆಯ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ದೇಹ ಒಂದೇ ಆದರೂ ಅದರ ಅಂಗಾಂಶಗಳು, ಅಂದರೆ ಒಂದೇ ಕೆಲಸಕ್ಕೆ ಒಗ್ಗೂಡಿದ ಜೀವಕೋಶಗಳ ಗುಂಪುಗಳು, ಒಂದೇ ವೇಗದಲ್ಲಿ ಚೇತರಿಸಿಕೊಳ್ಳುವುದಿಲ್ಲ. ವ್ಯಾಯಾಮ ಆರಂಭವಾದ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಅದರಿಂದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ನಾಲ್ಕಾರು ವಾರಗಳಲ್ಲಿ ಸ್ನಾಯುಕೋಶದೊಳಗೆ ಆಮ್ಲಜನಕವನ್ನು ಉರಿಸಿ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗಳ ಕೆಲಸ ಚುರುಕಾಗುತ್ತದೆ. ಮೊದಲ ವಾರ ಎರಡು ನಿಮಿಷಕ್ಕೇ ಏದುಸಿರು ಬಿಡುತ್ತಿದ್ದವರು ಒಂದೆರಡು ತಿಂಗಳಲ್ಲಿ ಹತ್ತು ಹದಿನೈದು ನಿಮಿಷ ನಿರಾಯಾಸವಾಗಿ ಓಡಬಲ್ಲವರಾಗುವುದು ಇದರಿಂದಲೇ. ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿ ನಾರಿನ ಪಟ್ಟಿಯಾದ ಸ್ನಾಯುರಜ್ಜುವಿನ ಕಥೆ ಬೇರೆ. ಅದಕ್ಕೆ ರಕ್ತದ ಹರಿವು ಕಡಿಮೆ, ಅದರಲ್ಲಿ ಜೀವಕೋಶಗಳು ವಿರಳ, ಅದು ಹೊಸ ಭಾರಕ್ಕೆ ಒಗ್ಗಲು ತಿಂಗಳುಗಳೇ ಬೇಕು.

ಈ ನಿಧಾನ ಎಷ್ಟರಮಟ್ಟಿನದೆಂಬುದನ್ನು ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೆರಗು ಹುಟ್ಟಿಸುವಂತೆ ತೋರಿಸಿಕೊಟ್ಟಿತು. 1950ರ ದಶಕದ ನಡುವಿನಿಂದ 1963ರವರೆಗೆ ಬಯಲಿನಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲದ ಪ್ರಮಾಣ ದಿಢೀರನೆ ಏರಿ, ನಂತರ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಆಹಾರಕ್ಕೆ, ಆಹಾರದಿಂದ ಮೈಗೆ ಸೇರುವ ಆ ಇಂಗಾಲ, ದೇಹದ ಯಾವ ಭಾಗ ಯಾವ ವರ್ಷ ರಚನೆಯಾಯಿತೆಂಬುದಕ್ಕೆ ಗುರುತಾಗಿ ಉಳಿಯುತ್ತದೆ. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ರಜ್ಜುವಿನ ತಿರುಳನ್ನು ಈ ರೀತಿ ಪರಿಶೀಲಿಸಿದಾಗ, ಅದು ಮನುಷ್ಯ ಎತ್ತರಕ್ಕೆ ಬೆಳೆಯುವ ಮೊದಲ ಹದಿನೇಳು ವರ್ಷಗಳಲ್ಲಿ ರಚನೆಯಾಗಿ, ಆಮೇಲೆ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲವೆಂದು ಕಂಡುಬಂತು. ಪಕ್ಕದ ಸ್ನಾಯು ಮಾತ್ರ ನಿರಂತರವಾಗಿ ಹೊಸದಾಗುತ್ತಿತ್ತು. ಅಂದರೆ ಐವತ್ತರಲ್ಲಿ ಓಡುವವರ ಹಿಮ್ಮಡಿಯ ಹಿಂದೆ ದುಡಿಯುತ್ತಿರುವುದು ಅವರ ಶಾಲಾದಿನಗಳಲ್ಲಿ ನೇಯ್ದ ನಾರು. ಅದು ಬಲಗೊಳ್ಳುವುದೇ ಇಲ್ಲವೆಂದು ಇದರ ಅರ್ಥವಲ್ಲ. ಸರಿಯಾದ ಭಾರ ಸರಿಯಾದ ಅಂತರದಲ್ಲಿ ಬಿದ್ದರೆ ರಜ್ಜು ಗಡುಸಾಗುತ್ತದೆ. ಆದರೆ ಒಮ್ಮೆ ಸವೆದ ಮೇಲೆ ಅದರ ದುರಸ್ತಿ ಬಹಳ ನಿಧಾನ.

ಮೂಳೆಯದು ಇನ್ನೊಂದು ಬಗೆ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ ತೆಗೆದು, ಆ ಜಾಗದಲ್ಲಿ ಹೊಸದನ್ನು ತುಂಬುತ್ತದೆ. ಈ ಒಂದು ಆವರ್ತನಕ್ಕೆ ಮೂರು ನಾಲ್ಕು ತಿಂಗಳು ಹಿಡಿಯುವುದರಿಂದ, ಅಭ್ಯಾಸ ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಮೂಳೆ ಬಲವಾಗುವ ಬದಲು ಅಲ್ಲಲ್ಲಿ ದುರ್ಬಲವಾಗಿರುತ್ತದೆ. ಹೊಸದಾಗಿ ಓಡತೊಡಗಿದವರ ಕಣಕಾಲು ಮತ್ತು ಪಾದಗಳಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಈ ಅವಧಿಯಲ್ಲೇ. ಓಡುವಾಗ ಪ್ರತಿ ಹೆಜ್ಜೆಗೂ ನೆಲ ದೇಹದ ತೂಕದ ಎರಡು ಮೂರು ಪಟ್ಟು ಬಲದಿಂದ ಕಾಲನ್ನು ಒತ್ತುತ್ತದೆ; ಅಕಿಲಿಸ್ ರಜ್ಜುವಿನ ಮೇಲಿನ ಎಳೆತ ಆರು ಪಟ್ಟನ್ನೂ ಮೀರಬಹುದು. ಒಂದು ಕಿಲೋಮೀಟರಿಗೆ ಸಾವಿರಕ್ಕೂ ಮಿಕ್ಕಿ ಹೆಜ್ಜೆಗಳು, ಕಾಲೇಜಿನ ದಿನಗಳಿಗಿಂತ ಹದಿನೈದು ಇಪ್ಪತ್ತು ಕಿಲೋ ಹೆಚ್ಚಿದ ತೂಕ, ಇವನ್ನು ಕೂಡಿಸಿ ನೋಡಿದರೆ ಹಿಮ್ಮಡಿ ನೋವು, ಮೀನಖಂಡದ ಸೆಳೆತ, ಅಂಗಾಲಿನ ಉರಿ ಯಾಕೆ ಬರುತ್ತವೆಂಬುದು ತಾನಾಗಿ ತಿಳಿಯುತ್ತದೆ. ಎಳೆಯ ಎತ್ತನ್ನೂ ಮುದಿ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿದ ಗಾಡಿ ಮುದಿ ಎತ್ತಿನ ನಡೆಗೆ ಹೊಂದಿಕೊಂಡೇ ಸಾಗಬೇಕಾಗುವಂತೆ, ಉಸಿರು ಎಷ್ಟೇ ಹಗುರಾಗಿರಲಿ, ಎಷ್ಟು ಓಡಬೇಕೆಂಬುದನ್ನು ಹಿಮ್ಮಡಿಯೇ ತೀರ್ಮಾನಿಸಬೇಕು. ಎರಡನೆಯ ತಿಂಗಳಲ್ಲಿ ಹುರುಪು ಉಕ್ಕುತ್ತದೆ, ಓಡಿದಷ್ಟೂ ಇನ್ನೂ ಓಡಬೇಕೆನಿಸುತ್ತದೆ. ಹೆಚ್ಚಿನ ಎಚ್ಚರ ಬೇಕಾದದ್ದು ಆಗಲೇ.

ನಿಧಾನವಾಗಿ ಓಡುವುದು ನಡುವಯಸ್ಸಿನವರು ಸೋತು ಮಾಡಿಕೊಂಡ ರಾಜಿಯೆಂದು ಭಾವಿಸುವವರಿಗೆ ಜಾಗಿಂಗ್‌ನ ಇತಿಹಾಸವೇ ಉತ್ತರ ಕೊಡುತ್ತದೆ. ಅದು ಚಳವಳಿಯ ರೂಪ ಪಡೆದದ್ದೇ ನಡುವಯಸ್ಸಿನವರಿಂದ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್, 1960ರ ದಶಕದ ಆರಂಭದಲ್ಲಿ ಆಕ್ಲೆಂಡ್ ನಗರದಲ್ಲಿ, ಹೃದಯಾಘಾತದಿಂದ ಚೇತರಿಸಿಕೊಂಡವರೂ ಸೇರಿದಂತೆ ಸಾಮಾನ್ಯ ಗೃಹಸ್ಥರನ್ನು ಗುಂಪು ಕಟ್ಟಿ ಮೆಲ್ಲಗೆ ಓಡಿಸಿದರು. ಒಲಿಂಪಿಕ್ ಪದಕ ಗೆದ್ದ ಓಟಗಾರರನ್ನು ತಯಾರು ಮಾಡಿದ್ದ ಆ ತರಬೇತುದಾರ ಗೃಹಸ್ಥರಿಗೆ ಹಾಕಿದ ಕಟ್ಟುಪಾಡು ಸರಳವಾಗಿತ್ತು: ಪಕ್ಕದವರೊಂದಿಗೆ ಮಾತನಾಡುತ್ತ ಓಡಲು ಆಗಬೇಕು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಹೋಗಿ ಆ ಗುಂಪಿನೊಂದಿಗೆ ಓಡಿದಾಗ, ಐವತ್ತರ ವಯಸ್ಸಿನ ಅವರು ತಮಗಿಂತ ಎಷ್ಟೋ ಹಿರಿಯರ ಜೊತೆ ಹೆಜ್ಜೆ ಹಾಕಲಾರದೆ ಹಿಂದುಳಿದರು. ಊರಿಗೆ ಮರಳಿದವರೇ ಅದೇ ಕ್ರಮವನ್ನು ತಮ್ಮ ನೆರೆಹೊರೆಯವರಿಗೆ ಕಲಿಸಿ, ಹೃದ್ರೋಗ ತಜ್ಞರೊಬ್ಬರ ಜೊತೆಗೂಡಿ 1967ರಲ್ಲಿ ಪ್ರಕಟಿಸಿದ ಪುಸ್ತಕ ಅಮೆರಿಕದಲ್ಲಿ ಜಾಗಿಂಗ್ ಹಬ್ಬಲು ದೊಡ್ಡ ಕಾರಣವಾಯಿತು.

ಮಾತಾಡುತ್ತ ಓಡುವ ಆ ಕಟ್ಟುಪಾಡನ್ನು ಇಂದಿನ ವೈದ್ಯವಿಜ್ಞಾನವೂ ಒಪ್ಪುತ್ತದೆ. ಪೂರ್ಣ ವಾಕ್ಯ ಆಡಲು ಆಗುವಷ್ಟು ವೇಗದಲ್ಲಿ ಸ್ನಾಯು ಹೆಚ್ಚಾಗಿ ಆಮ್ಲಜನಕದ ನೆರವಿನಿಂದಲೇ ಶಕ್ತಿ ಪಡೆಯುತ್ತದೆ, ಕೊಬ್ಬು ಗಣನೀಯವಾಗಿ ಉರಿಯುತ್ತದೆ, ರಜ್ಜುಗಳ ಮೇಲಿನ ಒತ್ತಡ ಹತೋಟಿಯಲ್ಲಿರುತ್ತದೆ. ಕೈಗಡಿಯಾರದ ಅಂಕಿಗಳನ್ನು ನಂಬುವವರು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತ ಕಂಡುಕೊಳ್ಳುವ ರೂಢಿಯಿದೆ. 2001ರಲ್ಲಿ ಪ್ರಕಟವಾದ ಪರಿಷ್ಕೃತ ಸೂತ್ರ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು 208ರಿಂದ ಕಳೆಯಲು ಹೇಳುತ್ತದೆ. ಐವತ್ತು ವರ್ಷದವರಿಗೆ ಮೊದಲನೆಯದರಿಂದ 170, ಎರಡನೆಯದರಿಂದ 173 ಬರುತ್ತದೆ. ಎರಡೂ ಸರಾಸರಿಗಳೇ, ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಬಡಿತಗಳ ವ್ಯತ್ಯಾಸ ಸಹಜವಾದ್ದರಿಂದ ಮಾತಿನ ಪರೀಕ್ಷೆಯೇ ಹೆಚ್ಚು ನಂಬಿಕಸ್ಥ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಜೆಫ್ ಗ್ಯಾಲವೇ ಜನಪ್ರಿಯಗೊಳಿಸಿದ, ಸ್ವಲ್ಪ ಹೊತ್ತು ಓಡಿ ಸ್ವಲ್ಪ ಹೊತ್ತು ನಡೆಯುವ ಕ್ರಮವೂ ಇದೇ ತತ್ವದ ಮೇಲೆ ನಿಂತಿದೆ. ಅರ್ಧ ಗಂಟೆ ಬಿರುಸಾಗಿ ನಡೆಯುವುದು ಅಭ್ಯಾಸವಾದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಆರಂಭಿಸಿ, ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು ಕೊಟ್ಟು, ಓಟದ ಪಾಲನ್ನು ತಿಂಗಳುಗಟ್ಟಲೆ ಹಿಡಿದು ಹೆಚ್ಚಿಸಬೇಕು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿ ನೋಯುತ್ತಿದ್ದರೆ ಅಂದು ಓಟ ಬೇಡ, ನಡಿಗೆ ಸಾಕು. ಈ ಒಂದು ನಿಯಮ ಪಾಲಿಸಿದರೆ ಹಲವರು ಫಿಸಿಯೋಥೆರಪಿಸ್ಟರ ಬಳಿಗೆ ಹೋಗುವುದು ತಪ್ಪುತ್ತದೆ.

ಭಾರತೀಯರ ಮೈಕಟ್ಟಿಗೆ ಸಂಬಂಧಿಸಿದ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸಹೋದ್ಯೋಗಿ 2004ರಲ್ಲಿ ತಮ್ಮಿಬ್ಬರ ದೇಹವನ್ನೇ ಹೋಲಿಸಿ ಒಂದು ಟಿಪ್ಪಣಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿಎಂಐ ಇಬ್ಬರದ್ದೂ 22.3 ಇತ್ತು, ಆದರೆ ಕೊಬ್ಬಿನ ಪಾಲು ಬ್ರಿಟಿಷರ ಮೈಯಲ್ಲಿ ಶೇಕಡಾ 9.1, ಭಾರತೀಯರ ಮೈಯಲ್ಲಿ ಶೇಕಡಾ 21.2. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂಬುದು ದಕ್ಷಿಣ ಏಷ್ಯಾದವರಲ್ಲಿ ವ್ಯಾಪಕವಾಗಿ ಕಂಡುಬಂದಿರುವ ಸಂಗತಿ. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯನ್ನು ಅತಿ ಹೆಚ್ಚು ಹೀರಿಕೊಳ್ಳುವ ಅಂಗಾಂಶ ಸ್ನಾಯುವೇ ಆಗಿರುವುದರಿಂದ ಅದರ ಕೊರತೆ ನೇರವಾಗಿ ಮಧುಮೇಹಕ್ಕೆ ದಾರಿ ಮಾಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ, ಅದರ ಅಂಚಿನಲ್ಲಿರುವ ಇನ್ನೂ 13.6 ಕೋಟಿ ಜನರೂ ಇದ್ದಾರೆಂದು ಅಂದಾಜಿಸಿತು. ಆದ್ದರಿಂದ ಈ ನಾಡಿನಲ್ಲಿ ಓಟವೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸಿದೆ; ಓಟಕ್ಕೆ ಮರಳುವ ಕನ್ನಡಿಗರು ಹೆಚ್ಚಾಗಿ ಕೈಬಿಡುವುದು ಈ ಎರಡನೆಯ ಭಾಗವನ್ನೇ. ಅದಕ್ಕೆ ಜಿಮ್ ಬೇಕೆಂದಿಲ್ಲ. ಬಸ್ಕಿ, ದಂಡ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಎತ್ತಿ ಇಳಿಸುವುದು, ಇಷ್ಟನ್ನು ನಿಧಾನವಾಗಿ ಮಾಡಿದರೂ ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ ತಡೆ ಬೀಳುತ್ತದೆ. ಮೆಟ್ಟಿಲ ವ್ಯಾಯಾಮ ಅಕಿಲಿಸ್ ರಜ್ಜುವಿಗೂ ಅತ್ಯುತ್ತಮ ತಯಾರಿ. ಮುದ್ದೆಯ ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣಾಂಶ ಧಾರಾಳವಾಗಿದೆ, ಆದರೆ ಸ್ನಾಯು ಕಟ್ಟಲು ಬೇಕಾದ ಪ್ರೋಟೀನಿಗೆ ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನುಗಳ ಪಾಲು ತಟ್ಟೆಯಲ್ಲಿ ಹೆಚ್ಚಬೇಕು.

ಹೃದಯದ ಭಯವನ್ನು ಕಡೆಗಣಿಸಿ ಈ ವಿಷಯ ಮುಗಿಸಲಾಗದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ವ್ಯಾಯಾಮದ ನಂತರ ಹೃದಯಾಘಾತವಾಗಿ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಕರ್ನಾಟಕದ ಮನೆಮನೆಯಲ್ಲೂ ಮೂಡಿದ ದುಃಖದ ಜೊತೆಗೇ ವ್ಯಾಯಾಮದ ಬಗ್ಗೆ ಅಂಜಿಕೆಯೂ ಹರಡಿತು. ಇಂಥ ಅಂಜಿಕೆ ಜಗತ್ತಿಗೆ ಹೊಸದಲ್ಲ. ಅಮೆರಿಕದಲ್ಲಿ ಲಕ್ಷಾಂತರ ಜನರನ್ನು ಓಟಕ್ಕೆ ಹಚ್ಚಿದ ಪುಸ್ತಕದ ಲೇಖಕ ಜಿಮ್ ಫಿಕ್ಸ್ 1984ರ ಜುಲೈಯಲ್ಲಿ, 52ರ ವಯಸ್ಸಿನಲ್ಲಿ, ನಿತ್ಯದ ಓಟದ ವೇಳೆ ಹೃದಯಾಘಾತದಿಂದ ಸತ್ತಾಗ ಓಟವೇ ಕೊಲ್ಲುತ್ತದೆಂಬ ಮಾತು ಹಬ್ಬಿತ್ತು. ಅವರ ತಂದೆ 43ಕ್ಕೇ ಹೃದಯದ ಕಾಯಿಲೆಯಿಂದ ತೀರಿಕೊಂಡಿದ್ದರು, ಸ್ವತಃ ಅವರು 35ರವರೆಗೆ ವಿಪರೀತ ಧೂಮಪಾನಿಯಾಗಿದ್ದರು, ಶವಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದುದು ಕಂಡಿತ್ತು. ಓಟ ಎಲ್ಲ ರೋಗಗಳಿಂದ ಕಾಪಾಡುವ ಕವಚವಲ್ಲ ಎಂಬುದು ಅವರ ಸಾವಿನಿಂದ ಕಲಿಯಬೇಕಾದ ಪಾಠ.

ಅದೇ 1984ರಲ್ಲಿ ಸಿಯಾಟಲ್ ನಗರದಿಂದ ಬಂದ ಅಧ್ಯಯನವೊಂದು ಅಪಾಯದ ಸ್ವರೂಪವನ್ನು ಸ್ಪಷ್ಟವಾಗಿ ಬಿಡಿಸಿಟ್ಟಿತು. ಶ್ರಮದ ಅಭ್ಯಾಸವೇ ಇಲ್ಲದ ಗಂಡಸರು ಒಮ್ಮೆಲೇ ಕಠಿಣ ವ್ಯಾಯಾಮಕ್ಕೆ ಇಳಿದಾಗ, ಆ ಹೊತ್ತಿನಲ್ಲಿ ಹೃದಯ ಸ್ತಂಭಿಸುವ ಅಪಾಯ ಉಳಿದ ಹೊತ್ತಿಗಿಂತ 56 ಪಟ್ಟು ಹೆಚ್ಚು. ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಅದು ಐದು ಪಟ್ಟು ಮಾತ್ರ, ಮೇಲಾಗಿ ಅವರ ಒಟ್ಟಾರೆ ಅಪಾಯ ಕುಳಿತೇ ಇರುವವರ ಅಪಾಯದ ಶೇಕಡಾ 40ರಷ್ಟೇ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್‌ಗಳಲ್ಲಿ ಓಡಿದ 1.09 ಕೋಟಿ ಜನರ ಲೆಕ್ಕ ತೆಗೆದಾಗ ಹೃದಯ ಸ್ತಂಭನವಾದದ್ದು 59 ಮಂದಿಗೆ. ಅಪಾಯ ಇರುವುದು ಓಟದಲ್ಲಿ ಎನ್ನುವುದಕ್ಕಿಂತ, ತಯಾರಿಯಿಲ್ಲದ ಅವಸರದಲ್ಲಿ ಎನ್ನುವುದು ಹೆಚ್ಚು ಸರಿ. ಮಧುಮೇಹ, ರಕ್ತದೊತ್ತಡ, ಧೂಮಪಾನದ ಚಟ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು ಓಟಕ್ಕೆ ಇಳಿಯುವ ಮೊದಲು ವೈದ್ಯರನ್ನು ಕಾಣಲೇಬೇಕು. ಓಡುವಾಗ ಎದೆ ಬಿಗಿಯುವುದು, ಎಡತೋಳು ಅಥವಾ ದವಡೆಗೆ ನೋವು ಹರಿಯುವುದು, ತಲೆ ಸುತ್ತಿ ಕಣ್ಣು ಕತ್ತಲೆ ಬರುವುದು ಇವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅದು ಜೀವ ತೆಗೆಯುವ ಅಭ್ಯಾಸ.

ಮಂಡಿ ಸವೆಯುತ್ತದೆಂಬ ಭಯಕ್ಕೆ ಇಷ್ಟು ಆಧಾರವೂ ಇಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಂಡಿ ಮತ್ತು ಸೊಂಟದ ಸಂಧಿವಾತ ಹವ್ಯಾಸಿ ಓಟಗಾರರಲ್ಲಿ ಶೇಕಡಾ 3.5, ಓಡದವರಲ್ಲಿ ಶೇಕಡಾ 10.2, ವೃತ್ತಿಪರ ಸ್ಪರ್ಧಿಗಳಲ್ಲಿ ಶೇಕಡಾ 13.3ರಷ್ಟಿತ್ತು. ಈಗಾಗಲೇ ಮಂಡಿ ಊದಿಕೊಂಡವರ ವಿಚಾರ ಬೇರೆ. ಉಳಿದವರ ಕೀಲುಗಳಿಗೆ ಹಿತಮಿತದ ಓಟದಿಂದ ಹಾನಿಯಿಲ್ಲ.

ಮುಟ್ಟು ನಿಲ್ಲುವ ಹಂತದಲ್ಲಿರುವ ಹೆಂಗಸರಿಗೆ ಈ ಅಭ್ಯಾಸದ ಅಗತ್ಯ ಗಂಡಸರಿಗಿಂತ ಹೆಚ್ಚು, ಅವಕಾಶ ಮಾತ್ರ ಕಡಿಮೆ. ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿಯುತ್ತಿದ್ದಂತೆ ಮೂಳೆಯ ಸಾಂದ್ರತೆ ಕೆಲವೇ ವರ್ಷಗಳಲ್ಲಿ ವೇಗವಾಗಿ ಕುಸಿಯುತ್ತದೆ, ಕೊಬ್ಬು ಹೊಟ್ಟೆಯ ಸುತ್ತ ಸೇರತೊಡಗುತ್ತದೆ. ನೆಲಕ್ಕೆ ಕಾಲೊತ್ತಿ ಮಾಡುವ ವ್ಯಾಯಾಮ ಮತ್ತು ಭಾರ ಎತ್ತುವುದು ಈ ಎರಡು ಬದಲಾವಣೆಗಳಿಗೂ ತಡೆಯೊಡ್ಡುತ್ತವೆ. ಆದರೆ ಬೆಳಗಿನ ಆರರಿಂದ ಎಂಟು ಗಂಟೆ ತಿಂಡಿ, ಡಬ್ಬಿ, ಹಾಲು, ನೀರು ಎಂದು ಅಡುಗೆಮನೆಗೆ ಬರೆದಿಟ್ಟ ಹೊತ್ತಾಗಿರುವ ಸಂಸಾರಗಳಲ್ಲಿ ಗಂಡ ಉದ್ಯಾನಕ್ಕೆ ಹೋಗಿ ಬರುವಷ್ಟರಲ್ಲಿ ಹೆಂಡತಿಯ ವ್ಯಾಯಾಮದ ಸಮಯ ಮುಗಿದುಹೋಗಿರುತ್ತದೆ. ಈ ಅಡ್ಡಿಯನ್ನು ನಿವಾರಿಸಲು ವೈದ್ಯರಿಂದ ಆಗದು. ಮನೆಯವರು ಕೆಲಸ ಹಂಚಿಕೊಳ್ಳಬೇಕು.

ಜಾಗದ ವಿಚಾರದಲ್ಲಿ ಕರ್ನಾಟಕದ ಊರುಗಳು ಸಮಾನವಾಗಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತಂಪು ಬೆಳಗು ಓಟಕ್ಕೆ ಹೇಳಿ ಮಾಡಿಸಿದಂತಿದೆ. ಲಾಲ್‌ಬಾಗ್, ಕಬ್ಬನ್ ಉದ್ಯಾನಗಳ ನೆರಳು, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆ ಇವು ನಡುವಯಸ್ಸಿನವರಿಗೆ ದೊರೆತ ದೊಡ್ಡ ಸಂಪತ್ತು. 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ವಿಶ್ವ 10ಕೆ ಓಟ ಈ ನಗರದ ಸಾಮಾನ್ಯರಲ್ಲಿ ಓಡುವ ಹವ್ಯಾಸ ಬೆಳೆಸುವುದರಲ್ಲಿ ದೊಡ್ಡ ಪಾತ್ರ ವಹಿಸಿದೆ. ಮಂಗಳೂರು, ಉಡುಪಿಗಳ ತೇವದ ಗಾಳಿಯಲ್ಲಿ ಬೆವರು ಆರುವುದು ನಿಧಾನ, ಮೈ ತಣಿಯುವುದು ನಿಧಾನ, ಹಾಗಾಗಿ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮೊದಲೇ ಮುಗಿಸದೆ ಬೇರೆ ದಾರಿಯಿಲ್ಲ. ಉದ್ಯಾನವೇ ಇಲ್ಲದ ಬಡಾವಣೆಗಳಲ್ಲಿ, ಕಾಲುದಾರಿಯ ಕಲ್ಲುಚಪ್ಪಡಿಗಳು ಕಿತ್ತುಹೋದ ಬೀದಿಗಳಲ್ಲಿ, ನಾಯಿಗಳ ಹಿಂಡಿನ ನಡುವೆ ಓಡಬೇಕಾದವರಿಗೆ ಇಚ್ಛಾಶಕ್ತಿಯ ಉಪದೇಶ ಮಾಡಿ ಪ್ರಯೋಜನವಿಲ್ಲ. ಶಾಲಾ ಕಾಲೇಜುಗಳ ಮೈದಾನಗಳನ್ನು ಬೆಳಗಿನ ಎರಡು ಗಂಟೆ ಸಾರ್ವಜನಿಕರಿಗೆ ತೆರೆದಿಡುವುದು ಸರ್ಕಾರಕ್ಕೆ ಹೆಚ್ಚು ಖರ್ಚಿಲ್ಲದ ಕೆಲಸ. ಸ್ಥಳೀಯ ಸಂಸ್ಥೆಗಳೂ ಶಿಕ್ಷಣ ಇಲಾಖೆಯೂ ಕೂಡಿ ಅದನ್ನು ತಡಮಾಡದೆ ಮಾಡಬೇಕು, ಬಡಾವಣೆಯ ನಿವಾಸಿಗಳು ಅದಕ್ಕಾಗಿ ಕೇಳಬೇಕು.